ಗಾಳಿ ಬೀಸುವ ತಿಂಗಳಲ್ಲಿ ದೋಣಿ ಹೋಗದು

ಮಾನ್ಯ ಸಂಪಾದಕರೇ,

ಕಡಲಲ್ಲಿ ಗಾಳಿಯಂತ್ರ ನಿಲ್ಲಿಸುವ ಮಾತು ಬಂದಾಗಲೆಲ್ಲ ಮೊದಲು ನಕ್ಷೆ ಬಿಚ್ಚುತ್ತಾರೆ. ಪಶ್ಚಿಮ ಕರಾವಳಿಯ ಮಟ್ಟಿಗೆ ಅದಕ್ಕೂ ಮೊದಲು ಕ್ಯಾಲೆಂಡರ್ ನೋಡಬೇಕು.

2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 7,453 ಕೋಟಿ ರೂಪಾಯಿಯ ಕಡಲ ಗಾಳಿವಿದ್ಯುತ್ ಯೋಜನೆಯಲ್ಲಿ ಗುಜರಾತ್, ತಮಿಳುನಾಡಿಗೆ ತಲಾ 500 ಮೆಗಾವಾಟ್ ಇದೆ, ಎರಡು ಬಂದರುಗಳ ಸುಧಾರಣೆಗೆ 600 ಕೋಟಿ ಇದೆ. ಕರ್ನಾಟಕದ ಹೆಸರಿಲ್ಲ. ತಯಾರಿಗೆ ಸಮಯ ಸಿಕ್ಕಿತು ಎಂದುಕೊಳ್ಳೋಣ.

ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಇದ್ದ ವೇಗ 9 ಆದರೆ ಶಕ್ತಿ ಮೂರು ಪಟ್ಟಿಗೂ ಮಿಗಿಲು. ನಮ್ಮ ಕಡಲಲ್ಲಿ ಗಾಳಿಗೆ ಜೋರು ಬರುವುದು ಮಳೆಗಾಲದಲ್ಲಿ. ಹಾಗಾಗಿ ಬೇಸಿಗೆಯ ನಾಲ್ಕು ತಿಂಗಳು ಅಳೆದು ವರ್ಷದ ಲೆಕ್ಕ ಹಾಕಿದರೆ ಉಪಯೋಗವಿಲ್ಲ. ಲೇಸರ್ ಬೆಳಕಿನಿಂದ ಗಾಳಿಯ ವೇಗ ಅಳೆಯುವ ಲೈಡಾರ್ ಹೊತ್ತ ಬೋಯಾ (ತೇಲುವ ಬುರುಡೆ) ಏಪ್ರಿಲ್ ಒಳಗೇ ಲಂಗರು ಹಾಕಿ ನಿಂತು, ಕನಿಷ್ಠ ಎರಡು ಮಳೆಗಾಲ ಕಾಣಬೇಕು. ಒಂದು ಮಳೆಗಾಲದ ಹಾಗೆ ಇನ್ನೊಂದಿರುವುದಿಲ್ಲ.

ಜೂನ್, ಜುಲೈಯಲ್ಲಿ ಅಲೆ 3 ಮೀಟರ್ ದಾಟುವುದೂ ಮಾಮೂಲು. ಸಿಬ್ಬಂದಿಯನ್ನು ಕಂಬಕ್ಕೆ ಹತ್ತಿಸುವ ಬೋಟುಗಳು ಸುಮಾರು ಒಂದೂವರೆ ಮೀಟರ್ ಅಲೆಗೇ ಕೆಲಸ ನಿಲ್ಲಿಸುತ್ತವೆ. ಬೋಟಿನ ಮೂತಿಯನ್ನು ಕಂಬಕ್ಕೆ ಒತ್ತಿ ಹಿಡಿದಾಗ ಕೆಲಸಗಾರ ಏಣಿಗೆ ಕಾಲಿಡುತ್ತಾನೆ. ಆ ಕ್ಷಣಕ್ಕೆ ಮೂತಿ ಜಾರಿದರೆ ಅವನ ಕಾಲು ಕಬ್ಬಿಣ ಮತ್ತು ಬೋಟಿನ ನಡುವೆ. ಅಂದರೆ ಜೂನ್‌ನಲ್ಲಿ ಒಂದು ಸಣ್ಣ ಸೆನ್ಸರ್ ಕೈಕೊಟ್ಟರೂ, ಯಂತ್ರ ಹೆಚ್ಚು ದುಡಿಯಬೇಕಾದ ಕಾಲದಲ್ಲೇ ವಾರಗಟ್ಟಲೆ ಸುಮ್ಮನೆ ನಿಂತೀತು. ವಾರ್ಷಿಕ ಸರ್ವಿಸ್ ಮೇ ತಿಂಗಳಿಗೆ ಮೊದಲೇ ಮುಗಿಯಬೇಕು. ಅಲೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಸೇತುವೆಯುಳ್ಳ ದೊಡ್ಡ ಹಡಗಿನ ಬಾಡಿಗೆಯನ್ನು ಯೂನಿಟ್ ದರದ ಲೆಕ್ಕದಲ್ಲಿ ಮೊದಲೇ ಸೇರಿಸಬೇಕು. ಇದನ್ನು ಬಿಟ್ಟು ತೋರಿಸುವ ಅಗ್ಗದ ದರ ನಂಬುವಂಥದ್ದಲ್ಲ.

ಕಾಮಗಾರಿಗೆ ಉಳಿಯುವುದು ಸುಮಾರಾಗಿ ನವೆಂಬರಿನಿಂದ ಏಪ್ರಿಲ್. ಅರಬ್ಬಿ ಸಮುದ್ರ ಕಾದಷ್ಟೂ ಇದರ ಎರಡೂ ತುದಿಗೆ ಚಂಡಮಾರುತದ ಕಾಟ: 2019ರ ಅಕ್ಟೋಬರ್‌ನಲ್ಲಿ ಕ್ಯಾರ್, 2021ರ ಮೇನಲ್ಲಿ ತೌಕ್ತೆ. ಚಂಡಮಾರುತ ಹಾದುಹೋಗುವಾಗ ಗಾಳಿ ದಿಕ್ಕು ಬದಲಿಸುತ್ತದೆ, ಯಂತ್ರದ ತಲೆಯೂ ಗಾಳಿಯತ್ತ ತಿರುಗುತ್ತಿರಬೇಕು. ಅದೇ ಹೊತ್ತಿಗೆ ದಡದ ಲೈನ್ ಟ್ರಿಪ್ ಆದರೆ ತಿರುಗಿಸುವ ಮೋಟಾರಿಗೆ ಕರೆಂಟಿಲ್ಲ. ರೆಕ್ಕೆಗಳಿಗೆ ಪಕ್ಕದಿಂದ ಹೊಡೆತ. ಪ್ರತಿ ಯಂತ್ರಕ್ಕೂ ಆ ಮೋಟಾರು ನಡೆಸುವ ಬ್ಯಾಕಪ್ ಕರೆಂಟ್ ಇರಲೇಬೇಕೆಂದು ಟೆಂಡರಿನಲ್ಲೇ ಬರೆಯಬೇಕು.

ಆ ಆರು ತಿಂಗಳು ಟ್ರಾಲ್‌ಬೋಟುಗಳ ದುಡಿಮೆಯ ಕಾಲವೂ ಹೌದು. ಯಾಂತ್ರಿಕ ಮೀನುಗಾರಿಕೆಗೆ ರಜೆ ಜೂನ್ 1ರಿಂದ ಜುಲೈ 31, ಆಗ ದಡದ ಹತ್ತಿರ ನಾಡದೋಣಿಗಳಿರುತ್ತವೆ. ಕಡಲ ತಳದ ಕೇಬಲನ್ನು ಸಾಮಾನ್ಯವಾಗಿ ಒಂದೆರಡು ಮೀಟರ್ ಹೂಳುತ್ತಾರೆ. ಮರಳು ಸರಿದು ಕೇಬಲ್ ಮೇಲೆದ್ದರೆ ತಳ ಕೆರೆಯುತ್ತ ಬರುವ ಟ್ರಾಲ್ ಬೋರ್ಡ್ (ಬಲೆಯ ಬಾಯಿ ಅಗಲಿಸಿ ಹಿಡಿಯುವ ಭಾರದ ಹಲಗೆ) ಅದಕ್ಕೆ ಸಿಕ್ಕಿಕೊಳ್ಳುತ್ತದೆ: ಬಲೆಯೂ ಹೋಯಿತು, ಕೇಬಲೂ ಹೋಯಿತು. ಬಲೆ ಹರಿಯುವ ಕಲ್ಲುಗಳು ಎಲ್ಲಿವೆ, ಯಾವ ತಿಂಗಳು ಎಷ್ಟು ಮಾರು ನೀರಿನಲ್ಲಿ ಟ್ರಾಲ್ ಎಳೆಯುತ್ತಾರೆ ಎಂಬುದು ಮಲ್ಪೆ, ಮಂಗಳೂರಿನ ತಾಂಡೇಲರಿಗೆ, ಅಂದರೆ ಬೋಟು ನಡೆಸುವ ಮುಖ್ಯಸ್ಥರಿಗೆ, ಗೊತ್ತು. ಕೇಬಲ್ ದಾರಿ ಗೆರೆ ಎಳೆಯುವ ಮುನ್ನ ಅವರನ್ನು ಕೂರಿಸಿ ಕೇಳಬೇಕು. ಗೆರೆ ಎಳೆದಾದ ಮೇಲೆ ಕರೆಯುವ ಅಹವಾಲು ಸಭೆ ಬರೀ ಸಹಿ ಹಾಕಿಸಿಕೊಳ್ಳುವುದಕ್ಕೆ.

ಇನ್ನು ಕೇಬಲ್ ದಡ ಹತ್ತುವ ಜಾಗ. ಬೇಸಿಗೆಯಲ್ಲಿ ಅಗಲವಾಗಿ ಕಾಣುವ ಮರಳದಂಡೆ ಮಳೆಗಾಲದಲ್ಲಿ ಕೊಚ್ಚಿಹೋಗಿ, ಅಕ್ಟೋಬರ್ ನಂತರ ಮೆಲ್ಲಗೆ ತುಂಬಿಕೊಳ್ಳುತ್ತದೆ. ಉಳ್ಳಾಲದಂಥ ಕಡೆ ಪೂರ್ತಿ ತುಂಬುವುದೂ ಇಲ್ಲ. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಹೆದ್ದಾರಿ. ಹಿಂದೆ ಸರಿಯಲು ನೆಲವೇ ಇಲ್ಲ. ಜನವರಿಯಲ್ಲಿ ಸರ್ವೆ ಮಾಡಿ ಚರಂಡಿ ತೋಡಿ ಹೂತ ಕೇಬಲ್ ಜುಲೈಯಲ್ಲಿ ಅಲೆಗೆ ಬಿದ್ದು ತೂಗಾಡುತ್ತದೆ. ಉಳಿಸಲು ಕಲ್ಲು ಸುರಿದರೆ ಕೊರೆತ ಪಕ್ಕದೂರಿಗೆ ದಾಟುತ್ತದೆ. ದಂಡೆಯ ಅಳತೆ ಆಗಸ್ಟ್ ಕೊನೆಯಲ್ಲಿ ನಡೆಯಲಿ. ಕೇಬಲ್ ದಂಡೆಯ ಕೆಳಗೆ ಅಡ್ಡ ಕೊರೆದ ರಂಧ್ರದಲ್ಲಿ ಬರಲಿ, ಕಡಲ ಕೇಬಲೂ ನೆಲದ ಕೇಬಲೂ ಸೇರುವ ಗುಂಡಿ ಮುಂದಿನ 25 ವರ್ಷಗಳಲ್ಲಿ ಕೊರೆತ ಮುಟ್ಟುವ ಅಂದಾಜು ಗೆರೆಗಿಂತ ನೆಲದ ಕಡೆಗಿರಲಿ. ಆ ಅಂದಾಜಿಗೆ ಹಿಡಿದ ಲೆಕ್ಕವನ್ನು ಕನ್ನಡದಲ್ಲಿ ಪಂಚಾಯತಿ ಗೋಡೆಗೆ ಹಚ್ಚಲಿ.

ಇಂತಿ,
ಕರಾವಳಿಯ ಓದುಗರು, ಉಡುಪಿ