ಭುಜಕ್ಕೆ ಒಗ್ಗುವ ಕೋವಿ

ಫೋರ್ಟ್ ಕಾಲಿನ್ಸ್, ಕೊಲೊರಾಡೊ
ಜೂನ್ 14

ಚಿರಂಜೀವಿ ಪುಟ್ಟುವಿಗೆ ಮಾವ ಮಾಡುವ ಆಶೀರ್ವಾದಗಳು.

ಶಿಕಾರಿ ಪರವಾನಗಿಯ ಡ್ರಾನಲ್ಲಿ ನಿನಗೆ ಹೆಣ್ಣು ಎಲ್ಕ್, ಅಂದರೆ ಇಲ್ಲಿನ ಕಡವೆಯಂಥ ದೊಡ್ಡ ಪ್ರಾಣಿ, ಹೊಡೆಯುವ ಟ್ಯಾಗ್ ಸಿಕ್ಕಿತು, ಮ್ಯೂಲ್ ಡೀರ್ ಅನ್ನುವ ಜಿಂಕೆಯ ಟ್ಯಾಗೂ ಬಂತು ಅಂತ ಕೇಳಿ ತುಂಬಾ ಖುಷಿಯಾಯಿತು. ಅಕ್ಟೋಬರ್ ಕೊನೆಗೆ ಇಬ್ಬರೂ ಒಟ್ಟಿಗೆ ಹೋಗೋಣ. ಆದರೆ ಮೊನ್ನೆ ಫೋನಿನಲ್ಲಿ ನೀನು ಓದಿದ ಸಾಮಾನಿನ ಪಟ್ಟಿ ನನ್ನ ತಲೆಯಿಂದ ಹೋಗುತ್ತಿಲ್ಲ. .300 ವಿನ್‌ಚೆಸ್ಟರ್ ಮ್ಯಾಗ್ನಂ ರೈಫಲ್, 5ರಿಂದ 25 ಪಟ್ಟು ಹತ್ತಿರ ತೋರಿಸುವ ಸ್ಕೋಪ್, 600 ಗಜಕ್ಕೆ ಗುರಿ ಕೂರಿಸುವ ಮಾತು. ಆಗ ನಾನು ಸುಮ್ಮನಿದ್ದೆ. ನಿನ್ನ ಉತ್ಸಾಹಕ್ಕೆ ಫೋನಿನಲ್ಲಿ ತಣ್ಣೀರು ಎರಚುವುದು ಬೇಡ ಅನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನೀನು ಹೇಳಿದ ಕೋವಿಯನ್ನೇ ನಾನೂ ಒಂದು ಕಾಲದಲ್ಲಿ ಕೊಂಡಿದ್ದೆ.

ಅದು ಇಲ್ಲಿ ನನ್ನ ಎರಡನೇ ಶಿಕಾರಿ. ಮೀಕರ್ ಊರಿನ ಮೇಲಿನ ಕಾಡು, ಫ್ಲ್ಯಾಟ್ ಟಾಪ್ಸ್ ಕಡೆ. ಎಲ್ಕ್ ದೊಡ್ಡ ಪ್ರಾಣಿ, ಅದಕ್ಕೆ ದೊಡ್ಡ ಕೋವಿಯೇ ಬೇಕು ಅಂತ ಎಲ್ಲರೂ ಹೇಳಿದ್ದನ್ನು ನಂಬಿ .300 ಮ್ಯಾಗ್ನಂ ಹಿಡಿದು ಹೋಗಿದ್ದೆ. ತೋಟಾ ಮಾತ್ರ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತಂದಿದ್ದೆ. ಹಗುರ ಗುಂಡು, ವೇಗ ಜಾಸ್ತಿ, ಜಿಂಕೆಗೆ ಮಾಡಿದ್ದು. ಬೆಳಿಗ್ಗೆ ಏಳರ ಹೊತ್ತಿಗೆ ಎದುರಿನ ಇಳಿಜಾರಿನಲ್ಲಿ ಒಂದು ಗಂಡು ಎಲ್ಕ್ ಬಂತು. ಸುಮಾರು 330 ಗಜ. ಈಡು ಹೊಡೆದೆ. ಪ್ರಾಣಿ ಮುಗ್ಗರಿಸಿ ಎದ್ದು ಆಸ್ಪೆನ್ ಮರಗಳ ಒಳಗೆ ಹೋಯಿತು. ಅರ್ಧ ಗಂಟೆ ಕಾದು ಹೋಗಿ ನೋಡಿದರೆ ರಕ್ತ, ಎಲುಬಿನ ಸಣ್ಣ ಚೂರುಗಳು. ಸಂಜೆಯ ತನಕ ಜಾಡು ಹಿಡಿದು ನಡೆದೆ. ರಾತ್ರಿ ಹಿಮ ಬಿತ್ತು. ಮರುದಿನ ಇಡೀ ಹುಡುಕಿದೆ. ಸಿಗಲಿಲ್ಲ. ಆ ವರ್ಷ ಮತ್ತೆ ಕೋವಿ ಎತ್ತಲಿಲ್ಲ, ಟ್ಯಾಗನ್ನು ಹಾಗೇ ಬಿಟ್ಟೆ. ಈ ವಿಷಯ ನಿನ್ನ ಅಮ್ಮನಿಗೂ ಹೇಳಿಲ್ಲ.

ಕಾಡಿನಿಂದ ಮನೆಗೆ ಬಂದ ಮೇಲೆ ಪಕ್ಕದ ಮನೆಯ ಹಿರಿಯರೊಬ್ಬರು ನನ್ನನ್ನು ಗುರಿ ಅಭ್ಯಾಸದ ರೇಂಜಿಗೆ ಕರೆದುಕೊಂಡು ಹೋದರು. ಒಂದೊಂದೇ ತೋಟಾವನ್ನು ಅವರೇ ಕೋವಿಗೆ ಹಾಕಿ ಕೈಗೆ ಕೊಡುತ್ತಿದ್ದರು. ನಡುವೆ ನನಗೆ ಗೊತ್ತಾಗದ ಹಾಗೆ ಮದ್ದಿಲ್ಲದ ಸುಳ್ಳು ತೋಟಾ ಹಾಕಿದರು. ಟ್ರಿಗರ್ ಎಳೆದೆ. ಸದ್ದಿಲ್ಲ, ಒದೆತ ಇಲ್ಲ, ಆದರೂ ನಳಿಗೆಯ ತುದಿ ಎರಡಿಂಚು ಕೆಳಗೆ ಹೋಯಿತು. ಕಣ್ಣು ಮುಚ್ಚಿಕೊಂಡಿದ್ದೆ. ಒದೆತಕ್ಕೆ ಹೆದರಿ ಭುಜ ಮೊದಲೇ ಬೆಚ್ಚುತ್ತಿತ್ತು, ನನಗೇ ಅದು ಗೊತ್ತಿರಲಿಲ್ಲ. ಹಾಗೆ ಬೆಚ್ಚಿ ಹೊಡೆದ ಈಡು ಹೋಗಬೇಕಾದ ಕಡೆ ಹೋಗಲಿಲ್ಲ. ಹೋಗಿ ಬಡಿದ ಮುಂಗಾಲಿನ ಎಲುಬಿನಲ್ಲಿ ಆ ಹಗುರ ಗುಂಡು ಒಳಗೆ ಇಳಿಯುವ ಮೊದಲೇ ಚೂರಾಗಿರಬೇಕು. ಎರಡೂ ನನ್ನದೇ ಆಯ್ಕೆಯ ತಪ್ಪು.

ಆದ್ದರಿಂದ ಪುಟ್ಟು, ಕೋವಿ ಆರಿಸುವಾಗ ಮೊದಲು ನಿನ್ನ ಭುಜವನ್ನು ಕೇಳು. ಒದೆತವನ್ನು ಅಳೆಯುವ ಲೆಕ್ಕ ಇದೆ, ಅಡಿ-ಪೌಂಡ್ ಅನ್ನುತ್ತಾರೆ; .300, .30-06 ಅಂತೆಲ್ಲ ಕರೆಯುವುದು ತೋಟಾದ ಬಗೆಗಳ ಹೆಸರು. ಎಂಟೂವರೆ ಪೌಂಡ್ ತೂಕದ .300 ಮ್ಯಾಗ್ನಂ ಸುಮಾರು 26 ಅಡಿ-ಪೌಂಡಿನಷ್ಟು ಒದೆಯುತ್ತದೆ. ಎಂಟು ಪೌಂಡಿನ .30-06 ಸುಮಾರು 20. ಅದಕ್ಕಿಂತ ಸ್ವಲ್ಪ ಹಗುರ ಕೋವಿಯಲ್ಲೂ .308 ಹದಿನೆಂಟನ್ನು ದಾಟುವುದು ಕಷ್ಟ. 6.5 ಕ್ರೀಡ್‌ಮೂರ್ ಇನ್ನೂ ಮೆತ್ತಗೆ, ಹನ್ನೆರಡು ಹದಿಮೂರರ ಹತ್ತಿರ. ಹೊಸಬರಿಗೆ ಇಪ್ಪತ್ತರ ಮೇಲೆ ಕಷ್ಟ ಅನ್ನುವುದು ನಾನು ಕಂಡದ್ದು. ಒದೆತ ಜಾಸ್ತಿ ಇರುವ ಕೋವಿಯನ್ನು ಜನ ವರ್ಷಕ್ಕೆ ಹತ್ತು ಸಲವೂ ಹೊಡೆಯುವುದಿಲ್ಲ. ನೋವಾಗುತ್ತದೆ, ಬೀರುವಿನಲ್ಲೇ ಉಳಿಯುತ್ತದೆ. ಅಭ್ಯಾಸವಿಲ್ಲದೆ ಅಕ್ಟೋಬರಿನಲ್ಲಿ ನೇರ ಕಾಡಿಗೆ ಹೋಗುತ್ತಾರೆ.

ಜಿಂಕೆಗೂ ಎಲ್ಕಿಗೂ ಒಂದೇ ಕೋವಿ ಸಾಕು. ಮ್ಯೂಲ್ ಡೀರ್ ಗಂಡು ದೊಡ್ಡದಾದರೆ 90 ಕಿಲೋ ಇರಬಹುದು. ಹೆಣ್ಣು ಎಲ್ಕ್ 225 ಕಿಲೋದ ಹತ್ತಿರ. ನಮ್ಮ ಸಕಲೇಶಪುರದ ಕಡೆಯ ಒಳ್ಳೆ ಕಡವೆಯಷ್ಟು ಅಂತ ಇಟ್ಟುಕೋ. ಗಂಡಾದರೆ 300 ಕಿಲೋ ದಾಟುತ್ತದೆ. ಈ ಎರಡರ ಕೆಲಸವನ್ನೂ .30-06 ತೋಟಾ ನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಮಾಡುತ್ತಾ ಬಂದಿದೆ. ಅಮೆರಿಕದ ಸೈನ್ಯ 1906ರಲ್ಲಿ ತಂದ ತೋಟಾ ಅದು, ಹೆಸರಿನ 06 ಅಂದರೆ ಆ ವರ್ಷವೇ. .270 ಬಂದದ್ದು 1925ರಲ್ಲಿ, .308 ವಿನ್‌ಚೆಸ್ಟರ್ 1952ರಲ್ಲಿ. ಹೊಸದು ಬಂದಾಗಲೆಲ್ಲ ಹಳೆಯದು ಇನ್ನು ಕೆಲಸಕ್ಕೆ ಬರುವುದಿಲ್ಲ ಅನ್ನುವ ಮಾತು ಕೇಳುತ್ತದೆ. ಎಲ್ಕ್ ಮೈ ಮಾತ್ರ ಅದೇ ಹಳೆಯದು. ಕೊಲೊರಾಡೊ ನಿಯಮ ಕೇಳುವುದು ಕೂಡ ಸ್ವಲ್ಪವೇ: ಎಲ್ಕಿಗೆ ಕನಿಷ್ಠ .24 ಕ್ಯಾಲಿಬರ್ (ಗುಂಡಿನ ದಪ್ಪ, ಇಂಚಿನಲ್ಲಿ), 85 ಗ್ರೇನ್ (ಸುಮಾರು ಐದೂವರೆ ಗ್ರಾಂ) ತೂಕದ, ಬಡಿದಾಗ ಅರಳುವ ಗುಂಡು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ. ಕಾನೂನು ಒಪ್ಪುವ ಅತಿ ಸಣ್ಣದನ್ನೇ ಹಿಡಿದು ಎಲ್ಕಿಗೆ ಹೋಗು ಅಂತ ನಾನು ಹೇಳುವುದಿಲ್ಲ. ನಡುವಿನದನ್ನು ತಗೋ.

ನಿನ್ನ ಮೈಕಟ್ಟಿಗೆ .308 ಸರಿ ಅಂತ ನನ್ನ ಅಭಿಪ್ರಾಯ. ಅದೂ ಜಾಸ್ತಿ ಅನಿಸಿದರೆ 7 ಎಂಎಂ-08. ತೋಟಾ ಎಲ್ಲ ಊರಿನ ಅಂಗಡಿಯಲ್ಲೂ ಸಿಗಬೇಕು ಅನ್ನುವುದನ್ನು ಮರೆಯಬೇಡ. ಮೀಕರ್‌ನಲ್ಲಿ ಶಿಕಾರಿಯ ಹಿಂದಿನ ರಾತ್ರಿ ಬ್ಯಾಗ್ ತೆರೆದು ತೋಟಾ ಮನೆಯಲ್ಲೇ ಬಿಟ್ಟೆ ಅಂತ ಗೊತ್ತಾದರೆ .308 ಸಿಗುತ್ತದೆ, ನಿನ್ನೆ ಮೊನ್ನೆ ಬಂದ ತೋಟಾ ಸಿಗುವ ಖಾತರಿ ಇಲ್ಲ. ಕಂಪನಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಟಿಕಾ, ರೂಗರ್, ಸ್ಯಾವೇಜ್, ವಿನ್‌ಚೆಸ್ಟರ್, ಇವುಗಳ ಸಾಧಾರಣ ಬೆಲೆಯ, ಪ್ರತಿ ಈಡಿಗೂ ಕೈಯಿಂದ ತೋಟಾ ಏರಿಸುವ ಬೋಲ್ಟ್ ಆ್ಯಕ್ಷನ್ ರೈಫಲ್ ಕೂಡ ನಿನಗಿಂತ ಚೆನ್ನಾಗಿ ಗುರಿ ಹಿಡಿಯುತ್ತದೆ. ನನಗಿಂತಲೂ. ಭುಜಕ್ಕೆ ಎತ್ತಿದ ಕೂಡಲೇ ಕಣ್ಣು ಸ್ಕೋಪಿನ ನಡುವೆ ಬರುತ್ತದಾ ನೋಡು. ಕೊರಳು ಚಾಚಬೇಕಾದರೆ ಅದು ನಿನ್ನ ಕೋವಿಯಲ್ಲ.

ಇನ್ನು ಗುಂಡು. ಎಲ್ಲಕ್ಕಿಂತ ಜಾಸ್ತಿ ಯೋಚನೆ ಮಾಡಬೇಕಾದ್ದು ಇಲ್ಲೇ. ಯಾಕೆಂದರೆ ಪ್ರಾಣಿಯನ್ನು ಮುಟ್ಟುವುದು ಅದೊಂದೇ. ಸಾಮಾನ್ಯ ಗುಂಡಿನಲ್ಲಿ ತಾಮ್ರದ ತೆಳು ಹೊದಿಕೆ ಇರುತ್ತದೆ, ಒಳಗೆ ಸೀಸ. ಬಡಿದ ಕೂಡಲೇ ಅಣಬೆಯ ಹಾಗೆ ಅರಳಬೇಕು, ಆದರೆ ಬಿಡಿ ಬಿಡಿಯಾಗಬಾರದು. ಜಿಂಕೆಯ ತೆಳು ಪಕ್ಕೆಲುಬಿಗೆ ಸಾಕಾಗುವ ಗುಂಡು ಎಲ್ಕ್ ಹೆಗಲಿನಲ್ಲಿ ಪುಡಿಯಾಗಬಹುದು. ಜಾನ್ ನೋಸ್ಲರ್ ಅನ್ನುವವರಿಗೂ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹೀಗೇ ಆಯಿತು. ಮೈಗೆಲ್ಲ ಒಣ ಕೆಸರು ಮೆತ್ತಿಕೊಂಡಿದ್ದ, ಎಲ್ಕಿಗಿಂತ ದೊಡ್ಡ ಜಿಂಕೆ ಜಾತಿಯ ಮೂಸ್‌ಗೆ ಹೊಡೆದ ಗುಂಡುಗಳು ಒಳಗೆ ಇಳಿಯದೆ ಮೇಲೇ ಒಡೆದು ಹೋದವು. ಅವರು ಮನೆಗೆ ಬಂದು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇಟ್ಟರು. ಮುಂದಿನ ಭಾಗ ಅರಳುತ್ತದೆ, ಹಿಂದಿನ ಭಾಗ ಗಟ್ಟಿಯಾಗಿ ಉಳಿದು ಆಳಕ್ಕೆ ಹೋಗುತ್ತದೆ. ಅದೇ ಪಾರ್ಟಿಷನ್ ಗುಂಡು, 1948ರಿಂದ ಮಾರುತ್ತಿದ್ದಾರೆ. ಈ ಕಥೆ ಓದಿದ ದಿನ ನನ್ನ ಎಲ್ಕ್ ಮತ್ತೆ ಕಣ್ಣ ಮುಂದೆ ಬಂತು. ಅವರು ತಮ್ಮ ತಪ್ಪಿಗೆ ದಾರಿ ಹುಡುಕಿದ್ದರು, ನಾನು ಐವತ್ತು ವರ್ಷ ಕಳೆದ ಮೇಲೂ ಅದನ್ನು ತಿಳಿದುಕೊಳ್ಳದೆ ಕಾಡಿಗೆ ಹೋಗಿದ್ದೆ.

ನಿನಗೆ ಮಾತ್ರ ಪೂರ್ತಿ ತಾಮ್ರದ ಗುಂಡನ್ನೇ ಹೇಳುತ್ತೇನೆ. ಕಾರಣ, ನಿನ್ನ ಮನೆಯಲ್ಲಿ ಎರಡು ವರ್ಷದ ಮಗು ಇದೆ, ಈ ಮಾಂಸವನ್ನು ಅದೂ ತಿನ್ನುತ್ತದೆ. ಸೀಸದ ಗುಂಡು ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ಎಷ್ಟೋ ಇಂಚು ಆಚೆಗೂ ಹೋಗುತ್ತವೆ. 2008ರಲ್ಲಿ ನಾರ್ತ್ ಡಕೋಟದಲ್ಲಿ ಬಡವರಿಗೆ ದಾನ ಕೊಟ್ಟ ಜಿಂಕೆಯ ಖೀಮಾದಲ್ಲಿ ಸೀಸ ಕಂಡುಬಂದು, ಅದನ್ನು ಹಂಚಬೇಡಿ ಅಂತ ಆರೋಗ್ಯ ಇಲಾಖೆಯವರು ಹೇಳಿದರು. ಕಾಡಿನಲ್ಲಿ ಬಿಟ್ಟು ಬಂದ ಕರುಳು ತಿಂದ ಹದ್ದುಗಳೂ ಇದರಿಂದ ಸಾಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಶಿಕಾರಿಗೆ ಸೀಸದ ಗುಂಡೇ ಇಲ್ಲ. ಇಲ್ಲಿ ಕೊಲೊರಾಡೊದಲ್ಲಿ ಕಾನೂನು ಬಲವಂತ ಮಾಡುವುದಿಲ್ಲ, ಆದರೂ ನಾನು ಬದಲಾಯಿಸಿಕೊಂಡೆ.

ತಾಮ್ರದ ಗುಂಡಿಗೆ ಒಂದು ಗುಣ ಇದೆ, ಅದು ಅರಳಬೇಕಾದರೆ ವೇಗ ಬೇಕು. ಸೆಕೆಂಡಿಗೆ ಸುಮಾರು 2,000 ಅಡಿಗಿಂತ ಕೆಳಗೆ ಹೋದರೆ ಪೆನ್ಸಿಲ್ ಹಾಗೆ ಸಣ್ಣ ತೂತು ಮಾಡಿ ಆಚೆ ಹೋಗಿಬಿಡಬಹುದು. ಅದಕ್ಕೇ ಸೀಸದಲ್ಲಿ 165 ಅಥವಾ 180 ಗ್ರೇನ್ ಹಾಕುವ ಕಡೆ ತಾಮ್ರದಲ್ಲಿ ಹಗುರದ್ದು ಹಾಕುತ್ತಾರೆ. .308ನಲ್ಲಿ 150 ಗ್ರೇನ್ ಸಾಕು, ಅಂದರೆ ಹತ್ತು ಗ್ರಾಮಿಗೂ ಕಡಿಮೆ. 300 ಗಜದಲ್ಲೂ ಅದಕ್ಕೆ ಬೇಕಾದ ವೇಗ ಇರುತ್ತದೆ. ಎರಡು ಮೂರು ಕಂಪನಿಯ ಒಂದೊಂದು ಡಬ್ಬಿ ತಂದು ಹೊಡೆದು ನೋಡು. ಒಂದೊಂದು ನಳಿಗೆಗೆ ಒಂದೊಂದು ತೋಟಾ ಹಿಡಿಸುತ್ತದೆ. ಹಿಡಿಸಿದ್ದು ಸಿಕ್ಕ ಮೇಲೆ ಅದನ್ನೇ ಐದಾರು ಡಬ್ಬಿ ಕೊಂಡು ಇಡು.

ಸ್ಕೋಪಿಗೆ ಬರುತ್ತೇನೆ. 25 ಪಟ್ಟು ಯಾಕೆ ಬೇಡ ಅಂದರೆ, ಬೆಳಕಿನ ಲೆಕ್ಕ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬೊಟ್ಟು ಎಷ್ಟು ದೊಡ್ಡದು ಅಂತ ಸಿಗುತ್ತದೆ. 50 ಮಿಲಿಮೀಟರ್ ಗಾಜು, 25 ಪಟ್ಟು ಅಂದರೆ ಎರಡೇ ಮಿಲಿಮೀಟರ್. ಕತ್ತಲೆ. 40ರ ಗಾಜನ್ನು 6 ಪಟ್ಟಿಗೆ ಇಟ್ಟರೆ ಆರೂವರೆಗಿಂತ ಜಾಸ್ತಿ, ಕಣ್ಣಿನ ಪಾಪೆ ತುಂಬುತ್ತದೆ. ಇಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿಂದ ಮುಳುಗಿದ ಅರ್ಧ ಗಂಟೆಯ ತನಕ ಶಿಕಾರಿ ಮಾಡಬಹುದು. ಎಲ್ಕ್ ಹೊರಗೆ ಬರುವುದೇ ಆ ಎರಡು ಅರ್ಧ ಗಂಟೆಗಳಲ್ಲಿ. 3ರಿಂದ 9 ಪಟ್ಟಿನ, 40 ಮಿಲಿಮೀಟರಿನ, ಒಳ್ಳೆಯ ಗಾಜಿನ ಸ್ಕೋಪ್ ತಗೋ. ಕಾಡೊಳಗೆ ನಡೆಯುವಾಗ ಮೂರರಲ್ಲೇ ಇಡು. ನಲವತ್ತು ಗಜದಲ್ಲಿ ಪ್ರಾಣಿ ಎದುರಾದರೆ, ಪಟ್ಟು ಜಾಸ್ತಿ ಇದ್ದಾಗ ಬರೀ ಕೂದಲು ಕಾಣುತ್ತದೆ, ಅದು ಹೆಗಲೋ ತೊಡೆಯೋ ತಿಳಿಯುವುದಿಲ್ಲ.

ಉಳಿದ ದುಡ್ಡನ್ನು ಬೈನಾಕ್ಯುಲರ್‌ಗೆ ಹಾಕು. 10x42, ಅಂದರೆ ಹತ್ತು ಪಟ್ಟು, 42 ಮಿಲಿಮೀಟರ್ ಗಾಜು. ಇಡೀ ದಿನ ಕಣ್ಣಿಗೆ ಹಿಡಿದು ಕೂರುವುದು ಅದನ್ನೇ, ಸ್ಕೋಪಿನಲ್ಲಿ ನೋಡುವುದು ಕೊನೆಯ ಒಂದು ನಿಮಿಷ. ದೂರದಲ್ಲಿ ಏನೋ ಅಲುಗಾಡಿತು ಅಂತ ಯಾವತ್ತೂ ಸ್ಕೋಪ್ ಎತ್ತಿ ನೋಡಬೇಡ. ಸ್ಕೋಪ್ ಎತ್ತಿದರೆ ನಳಿಗೆಯೂ ಆ ಕಡೆ ತಿರುಗುತ್ತದೆ, ಅಲ್ಲಿ ಇನ್ನೊಬ್ಬ ಶಿಕಾರಿಯವನು ಇರಬಹುದು. ಅವನೂ ನಿನ್ನ ಹಾಗೆ ಯಾರದೋ ಮಗ, ಅಲ್ವಾ? ದೂರ ಅಳೆಯುವ ರೇಂಜ್‌ಫೈಂಡರ್ ನನ್ನ ಹತ್ತಿರ ಇದೆ, ಈ ವರ್ಷ ಅದು ಸಾಕು. ಬೆಟ್ಟದ ಇಳಿಜಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂಥದ್ದು. 30 ಡಿಗ್ರಿ ಕೆಳಗೆ 300 ಗಜ ದೂರ ಇದ್ದರೂ ಗುಂಡು ಬೀಳುವುದು 260 ಗಜದ ಲೆಕ್ಕದಲ್ಲಿ.

ದೂರದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೋವಿಯ ಗುರಿಯನ್ನು 200 ಗಜಕ್ಕೆ ಕೂರಿಸು. ನಾನು ಹೇಳಿದ .308 ಗುಂಡು 300 ಗಜದಲ್ಲಿ ಸುಮಾರು 8 ಇಂಚು ಕೆಳಗೆ ಬೀಳುತ್ತದೆ, 400ರಲ್ಲಿ ಎರಡು ಅಡಿಯ ಹತ್ತಿರ. ಗಂಟೆಗೆ 10 ಮೈಲಿಯ ಅಡ್ಡಗಾಳಿ 300 ಗಜದಲ್ಲಿ ಆರೇಳು ಇಂಚು ಪಕ್ಕಕ್ಕೆ ತಳ್ಳುತ್ತದೆ. ಆ ಬೆಟ್ಟಗಳಲ್ಲಿ ಗಾಳಿ ಇಲ್ಲದ ದಿನವನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಈ ವರ್ಷ ನಿನಗೆ 250 ಗಜವೇ ಗಡಿ. ಅದೂ ಸುಮ್ನೆ ಸಿಗುವುದಿಲ್ಲ. 8 ಇಂಚಿನ ಕಾಗದದ ತಟ್ಟೆಯನ್ನು ಅಷ್ಟು ದೂರ ಇಟ್ಟು, ಕೂತು, ಬೆನ್ನಚೀಲದ ಮೇಲೆ ಕೋವಿ ಇಟ್ಟು, ಐದಕ್ಕೆ ಐದೂ ಒಳಗೆ ಹಾಕಬೇಕು. ಬೆಂಚಿನ ಮೇಲೆ ಹೊಡೆದದ್ದು ಲೆಕ್ಕಕ್ಕಿಲ್ಲ. ಐದರಲ್ಲಿ ನಾಲ್ಕು ಬಿದ್ದರೆ 200ಕ್ಕೆ ಇಳಿಯೋಣ.

ನಿನ್ನ ಅಜ್ಜನ ಜೋಡುನಳಿಗೆ ಕೋವಿ ನಿನಗೆ ನೆನಪಿರಬೇಕು. ಬೆಳೆ ಕಾಯಲು ಲೈಸೆನ್ಸ್ ಮಾಡಿಸಿದ್ದು. ಚುನಾವಣೆ ಬಂದಾಗಲೆಲ್ಲ ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಇಟ್ಟು ಬರುತ್ತಿದ್ದರು. ಚಿಕ್ಕವನಿದ್ದಾಗ ಗದ್ದೆಯ ಅಟ್ಟಣಿಗೆಯಲ್ಲಿ ಅವರ ಪಕ್ಕ ಎಷ್ಟೋ ರಾತ್ರಿ ಕೂತಿದ್ದೇನೆ. ಹಂದಿ ಬಂದಾಗ ಕೋವಿ ಎತ್ತಿ, ಗುರಿ ಇಟ್ಟು, ಮತ್ತೆ ಇಳಿಸಿದ್ದೇ ಜಾಸ್ತಿ. ಯಾಕೆ ಅಪ್ಪಯ್ಯ ಅಂದರೆ, ಸರಿಯಾಗಿ ಕಾಣಲಿಲ್ಲ ಅನ್ನುತ್ತಿದ್ದರು. ಅಷ್ಟೇ.

ನಮ್ಮೂರಿನಲ್ಲಿ ಶಿಕಾರಿ ನಿಂತದ್ದು ಸರಿಯಾದ ಕೆಲಸ. 1972ರ ವನ್ಯಜೀವಿ ಕಾಯ್ದೆ ಬರದಿದ್ದರೆ ಕಡವೆಯನ್ನು ನೀನು ಚಿತ್ರದಲ್ಲಿ ನೋಡುತ್ತಿದ್ದೆ. ಇಲ್ಲಿ ಪರಿಸ್ಥಿತಿ ಬೇರೆ. ಕಳೆದ ಶತಮಾನದ ಆರಂಭದಲ್ಲಿ ಕೊಲೊರಾಡೊದಲ್ಲಿ ಎಲ್ಕ್ ಸಾವಿರದ ಆಸುಪಾಸಿಗೆ ಇಳಿದಿತ್ತು, ಈಗ ಎರಡೂವರೆ ಲಕ್ಷಕ್ಕೂ ಹೆಚ್ಚು. ನಾವು ಲೈಸೆನ್ಸಿಗೆ ಕೊಡುವ ದುಡ್ಡು ಅದನ್ನು ಕಾಯಲು ಹೋಗುತ್ತದೆ, ರೈಫಲ್ ಮತ್ತು ತೋಟಾದ ಮೇಲಿನ ತೆರಿಗೆಯೂ 1937ರ ಕಾನೂನಿನ ಪ್ರಕಾರ ಅದಕ್ಕೇ. ನಿನ್ನ ಅಮ್ಮ ಫೋನಿನಲ್ಲಿ ಬೇಜಾರು ಮಾಡಿಕೊಂಡರೆ ಇದನ್ನು ಸಮಾಧಾನವಾಗಿ ಹೇಳು. ವಾದ ಮಾಡಬೇಡ.

ಮನೆಯಲ್ಲಿ ಬೀಗ ಹಾಕುವ ಪೆಟ್ಟಿಗೆ ಬಂದ ಮೇಲೇ ಕೋವಿ ಬರಬೇಕು, ತೋಟಾ ಬೇರೆ ಕಡೆ. ಮಗು ಇಂದು ನಡೆಯುತ್ತದೆ, ನಾಳೆ ಕುರ್ಚಿ ಹತ್ತುತ್ತದೆ. ಕಿತ್ತಳೆ ಬಣ್ಣದ ಅಂಗಿ, ಟೋಪಿ ನನ್ನ ಹತ್ತಿರ ಎರಡು ಜೊತೆ ಇವೆ, ಅದನ್ನು ಕೊಳ್ಳಬೇಡ.

ಆ ಪಟ್ಟಿಯ ಯಾವುದಕ್ಕೂ ಇನ್ನೂ ದುಡ್ಡು ಕಟ್ಟಿಲ್ಲ ಅಂದುಕೊಂಡಿದ್ದೇನೆ. ಶನಿವಾರ ಬೆಳಿಗ್ಗೆ ಆರಕ್ಕೆ ಬಾ, ಗಾಳಿ ಏಳುವ ಮೊದಲು ರೇಂಜಿನಲ್ಲಿ ಇರಬೇಕು. ನನ್ನ .308 ಹೊಡೆದು ನೋಡು. ಆ ಹಳೆಯ ಮ್ಯಾಗ್ನಂ ಈಗ ನನ್ನ ಹತ್ತಿರ ಇಲ್ಲ, ಆದರೆ ರೇಂಜಿಗೆ ಬರುವ ಗೆಳೆಯರೊಬ್ಬರ ಹತ್ತಿರ ಅಂಥದ್ದೇ ಇದೆ, ಕೇಳಿದರೆ ಕೊಡುತ್ತಾರೆ. ಎರಡರಲ್ಲೂ ತೋಟಾ ನಾನೇ ಹಾಕಿಕೊಡುತ್ತೇನೆ. ನಡುವೆ ಸುಳ್ಳು ತೋಟಾ ಇರುತ್ತದೆ ಅಂತ ಈಗಲೇ ಹೇಳಿದ್ದೇನೆ, ಆದರೂ ನಳಿಗೆ ಏನು ಮಾಡುತ್ತದೆ ಅಂತ ನೀನೇ ನೋಡುವೆಯಂತೆ. ಕಿವಿಗೆ ಹಾಕಿಕೊಳ್ಳುವುದನ್ನು ಮರೆಯದೆ ತಾ. ನಿನ್ನ ಅತ್ತೆ ಅಕ್ಕಿ ರೊಟ್ಟಿ ಮಾಡಿ ಕೊಡುತ್ತಾಳಂತೆ, ಮನೆಯಲ್ಲಿ ತಿಂದು ಬರಬೇಡ.

ಇಂತಿ ನಿನ್ನ ಮಾವ