ನೆಲ್ಲಿಕಾಯಿ ಅಜ್ಜಿಗೆ, ಮತ್ತೆ ಇನ್ನು ಕೆಲವರಿಗೆ

ಶುಕ್ರವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಥ್ಯಾಂಕ್ಸ್. ಥೀಸಿಸ್‌ನ ಮೊದಲ ಪುಟದಲ್ಲಿ ಹೆಸರು ಬಾರದ ಕೆಲವರಿದ್ದಾರೆ. ಇದು ಅವರಿಗೆ.

ನನ್ನ ಕೆಲಸ ಇಷ್ಟೇ. ಗ್ರ್ಯಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಗ್ರ್ಯಾಫೀನ್ ಆಕ್ಸೈಡ್‌ನಲ್ಲಿ ಆ ಹಾಳೆಗೆ ಅಂಟಿಕೊಂಡಿರುವ ಆಕ್ಸಿಜನ್ ಬಿಡಿಸಬೇಕು. ಅದಕ್ಕೆ ಹೈಡ್ರಜೀನ್ ಅನ್ನೋ ರಾಸಾಯನಿಕ ಬಳಸುವುದು ಹಳೇ ರೂಢಿ. ಅದು ವಿಷ. ನಾನು ಅದರ ಬದಲು ಬೆಟ್ಟದ ನೆಲ್ಲಿಕಾಯಿ ಕಷಾಯ ಹಾಕಿದೆ. ಅದರಲ್ಲಿರುವ ಸಿ ವಿಟಮಿನ್, ಒಗರು ಕೊಡುವ ಪಾಲಿಫಿನಾಲ್‌ಗಳು ಎಲೆಕ್ಟ್ರಾನ್ ಕೊಟ್ಟು ಆ ಕೆಲಸ ಮಾಡುತ್ತವೆ.

ಕೇಳೋಕೆ ಸುಲಭ, ಅಲ್ವಾ? ಎಂಟು ತಿಂಗಳು ಒಂದು ಸಲ ಬಂದ ಫಲಿತಾಂಶ ಇನ್ನೊಂದು ಸಲ ಬರಲಿಲ್ಲ. ಒಂದು ಸೋಮವಾರವಂತೂ ನಾನೇ ಹೊರಗೆ ಮರೆತು ಹೋಗಿದ್ದ ಕಷಾಯದ ಮೇಲೆ ಬಿಳೀ ಬೂಷ್ಟು ಕಟ್ಟಿತ್ತು. ಬಿಟ್ಟು ಊರಿಗೆ ಹೋಗೋಣ ಅನ್ನಿಸಿದ್ದೂ ಉಂಟು.

ಮಲ್ಲೇಶ್ವರದ 8ನೇ ಕ್ರಾಸ್‌ನಲ್ಲಿ ಒಬ್ಬ ಅಜ್ಜಿ ನೆಲ್ಲಿಕಾಯಿ ಮಾರುತ್ತಾರೆ. ವಾರ ವಾರ ಎರಡು ಕೆಜಿ ತಗೊಳ್ಳೋದು ನೋಡಿ, "ಇಷ್ಟೊಂದು ಉಪ್ಪಿನಕಾಯಿ ಯಾರಿಗವ್ವಾ?" ಅಂದರು. ಸುಮ್ನೆ ನಕ್ಕೆ. ಅವರೇ ಎರಡು ಕಾಯಿ ಅಂಗೈಲಿ ಉರುಳಿಸಿ, "ಹೋದ್ ವಾರದ್ದು ಬಲ್ತಿದ್ವು, ಇವು ಎಳೇವು. ಒಗರು ಒಂದೇ ಥರ ಇರಲ್ಲ ಕಣವ್ವ" ಅಂದರು.

ನಾನು ಬಸ್ಸಿನಲ್ಲಿ ತಲೆ ಚಚ್ಚಿಕೊಂಡೆ. ವಾರ ವಾರ ಕಾಯಿ ಬೇರೆ, ಅದಕ್ಕೇ ಫಲಿತಾಂಶವೂ ಬೇರೆ! ಆಮೇಲೆ ಒಂದೇ ಸಲಕ್ಕೆ ಬಲಿತ ಕಾಯಿ ಆರಿಸಿ ತಂದು, ಒಣಗಿಸಿ, ಪುಡಿ ಮಾಡಿಟ್ಟೆ. ಪ್ರತಿ ಸಲ ಅದೇ ಪುಡಿ, ಅದೇ ತೂಕ. ಮೊದಲ ದಿನವೇ ಆಕ್ಸೈಡ್ ಕಲೆಸಿದ ಕಂದು ನೀರು ಸಂಜೆ ಹೊತ್ತಿಗೆ ಕಪ್ಪಾಗಿ, ಚೂರು ಚೂರಾಗಿ ಒಡೆದು ತಳ ಸೇರಿತು. ಎಕ್ಸ್‌ಆರ್‌ಡಿಯಲ್ಲಿ, ಅಂದರೆ ಎಕ್ಸ್‌-ರೇ ಹಾಯಿಸಿ ಪದರಗಳ ಜೋಡಣೆ ನೋಡುವ ಪರೀಕ್ಷೆಯಲ್ಲಿ, ಗ್ರಾಫ್‌ನ 11 ಡಿಗ್ರಿ ಹತ್ತಿರದ ಚೂಪು ಹೋಗಿ, 25ರ ಹತ್ತಿರ ಅಗಲವಾದ ದಿಬ್ಬ ಬಂತು. ಆಕ್ಸಿಜನ್ ಬಿಟ್ಟಿದ್ದರ ಗುರುತು ಅದು. ಮತ್ತೆ ಮಾಡಿದೆ. ಮತ್ತೂ ಅದೇ ಬಂತು.

ಆ ಹದಿನೈದು ದಿನ ಫ್ಯಾನ್ ಕೆಳಗೆ ಪೇಪರ್ ಹರಡಿ ನಾನು ನೆಲ್ಲಿಕಾಯಿ ಒಣಗಿಸಿದಾಗ, ಆ ಹುಳಿ ವಾಸನೆಯಲ್ಲೇ ಮಲಗಿದ ರೂಮ್‌ಮೇಟ್‌ಗೆ ಥ್ಯಾಂಕ್ಸ್ ಸಾಲದು.

ಲ್ಯಾಬಿನ ಅಟೆಂಡರ್ ಅಣ್ಣನಿಗೆ. ಗ್ರ್ಯಾಫೀನ್ ಆಕ್ಸೈಡ್ ತೊಳೆಯೋಕೆ ದಿನಗಟ್ಟಲೆ ಸೆಂಟ್ರಿಫ್ಯೂಜ್ (ಗಿರಗಿರ ತಿರುಗಿಸಿ ಬೇರೆ ಮಾಡೋ ಯಂತ್ರ) ಓಡಿಸಬೇಕು. ಆಸಿಡ್ ಹೋದ ಹಾಗೆಲ್ಲ ಅದು ಉಬ್ಬಿ ಗಟ್ಟಿಯಾಗುತ್ತದೆ. "ಮೇಡಂ, ಹಿಟ್ಟು ಹುದುಗು ಬಂತು" ಅಂತ ನಗಿಸುತ್ತಾ, ಬೀಗ ಹಾಕದೆ ರಾತ್ರಿ ಒಂಬತ್ತರವರೆಗೂ ಕಾದವರು ಅವರು.

ಗೈಡ್ ಸರ್‌ಗೆ ಬೈಗುಳಕ್ಕಾಗಿ. ನಾನು "ಪೂರ್ತಿ ಪರಿಸರಸ್ನೇಹಿ" ಅಂತ ಬರೆದಿದ್ದೆ. ಕೆಂಪು ಪೆನ್ನಲ್ಲಿ ಹೊಡೆದು ಹಾಕಿದರು. ಸರಿಯೇ. ಗ್ರ್ಯಾಫೈಟ್‌ನಿಂದ ಆಕ್ಸೈಡ್ ಮಾಡೋಕೆ ಈಗಲೂ 1958ರ ಹಮ್ಮರ್ಸ್ ವಿಧಾನವನ್ನೇ ಹಿಡಿದಿದ್ದೇನೆ. ಅಲ್ಲಿ ಸಲ್ಫ್ಯೂರಿಕ್ ಆಸಿಡ್, ಪೊಟ್ಯಾಸಿಯಂ ಪರ್ಮಾಂಗನೇಟ್ ಬೇಕೇ ಬೇಕು. ನೆಲ್ಲಿಕಾಯಿ ಬರೋದು ಎರಡನೇ ಹಂತದಲ್ಲಿ ಮಾತ್ರ.

ಅಜ್ಜಿಗೆ 40 ರೂಪಾಯಿ ಬಾಕಿ ಇದೆ. ನಾಳೆ ಕೊಟ್ಟು, ಈ ಸಲ ನಿಜವಾಗಿಯೂ ಉಪ್ಪಿನಕಾಯಿಗೆ ಅಂತ ಒಂದು ಕೆಜಿ ತರಬೇಕು.