ತರಬೇತಿ ಪ್ರಮಾಣಪತ್ರಕ್ಕೆ ಸೀಮಿತವಾಗದಿರಲಿ

ಮಾನ್ಯ ಸಂಪಾದಕರೇ,

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗಾಗಿ 2013ರಲ್ಲಿ ಬಂದ ಕಾಯ್ದೆಯು ನೌಕರರಿಗೆ ಆಗಾಗ ತಿಳಿವಳಿಕೆ ನೀಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ಆದರೆ ಬೆಂಗಳೂರಿನ ಅನೇಕ ಕಂಪನಿಗಳಲ್ಲಿ ಇದು ವರ್ಷಕ್ಕೊಮ್ಮೆ ಕಡತ ತುಂಬುವ ಕೆಲಸವಾಗಿದೆ. ಪೀಣ್ಯದ ಕಾರ್ಖಾನೆಯೊಂದರ ಆಡಳಿತ ವಿಭಾಗದಲ್ಲಿರುವ ನಾನು ಕಂಡಂತೆ, ಇಂಗ್ಲಿಷ್ ಸ್ಲೈಡುಗಳನ್ನು ಓದದೆಯೇ 'ನೆಕ್ಸ್ಟ್' ಒತ್ತುತ್ತ ಹೋಗಿ, ಕೊನೆಯ ಪ್ರಶ್ನೆಗಳಿಗೆ ಪಕ್ಕದವರನ್ನು ಕೇಳಿ ಉತ್ತರ ಗುರುತಿಸಿದವರಿಗೂ ಪ್ರಮಾಣಪತ್ರ ಸಿಗುತ್ತದೆ. ಗುತ್ತಿಗೆ ಮತ್ತು ದಿನಗೂಲಿಯವರೂ ಕಾಯ್ದೆಯ ಪ್ರಕಾರ ನೌಕರರೇ ಆಗಿದ್ದರೂ, ಹೊರಗುತ್ತಿಗೆಯ ಸ್ವಚ್ಛತಾ ಮತ್ತು ಭದ್ರತಾ ಸಿಬ್ಬಂದಿಗೆ ಈ ತರಬೇತಿಯ ಕರೆಯೇ ಹೋಗುವುದಿಲ್ಲ.

10 ಅಥವಾ ಹೆಚ್ಚು ನೌಕರರಿರುವಲ್ಲಿ ಇಂಥ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ 3 ತಿಂಗಳೊಳಗೆ ದೂರು ಸಲ್ಲಿಸಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ನೀಡಬಹುದು. ಬರೆದು ಕೊಡಲಾಗದವರಿಗೆ ದೂರನ್ನು ಬರಹಕ್ಕಿಳಿಸಲು ಸಮಿತಿಯವರೇ ನೆರವಾಗಬೇಕೆಂದೂ ಕಾಯ್ದೆ ಹೇಳುತ್ತದೆ. ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೆ ನಿಜವಾಗಿ ಬೇಕಾದ ಮಾತು ಇದು, ಆದರೆ ನಾನು ನೋಡಿದ ಯಾವ ಸ್ಲೈಡಿನಲ್ಲಿಯೂ ಇದಕ್ಕೆ ಒಂದು ಸಾಲಿನಷ್ಟೂ ಜಾಗವಿರಲಿಲ್ಲ.

ಆದ್ದರಿಂದ ಪಾಳಿ ಆರಂಭವಾಗುವ ಮೊದಲು, ಕೂಲಿ ಕಡಿತವಾಗದಂತೆ, ಹದಿನೈದು ಇಪ್ಪತ್ತು ನಿಮಿಷ ಕನ್ನಡದಲ್ಲಿ, ಅಗತ್ಯವಿದ್ದಲ್ಲಿ ಹಿಂದಿ, ತೆಲುಗು, ಒಡಿಯಾಗಳಲ್ಲಿ, ಆಯಾ ವಿಭಾಗದಲ್ಲಿ ನಡೆಯಬಹುದಾದ ಸಂದರ್ಭಗಳನ್ನೇ ಮುಂದಿಟ್ಟು ಮಾತನಾಡಬೇಕು. ಸಮಿತಿಯ ಸದಸ್ಯರು ಅಲ್ಲಿಗೆ ಖುದ್ದಾಗಿ ಬಂದು ಪರಿಚಯ ಹೇಳಿಕೊಳ್ಳಬೇಕು, ಏಕೆಂದರೆ ಮುಖ ನೋಡಿರದವರ ಬಳಿ ಇಂಥ ಸಂಕಟ ಹೇಳಿಕೊಳ್ಳಲು ಯಾರಿಗೂ ಬಾಯಿ ಬರುವುದಿಲ್ಲ. ಸದಸ್ಯರ ಹೆಸರು ಮತ್ತು ಫೋನ್ ಸಂಖ್ಯೆಗಳು ಮ್ಯಾನೇಜರ್ ಕೊಠಡಿಯ ಪಕ್ಕದ ಫಲಕದಲ್ಲಿರುವುದಷ್ಟೇ ಸಾಲದು, ಮಹಿಳೆಯರ ಶೌಚಾಲಯದ ಗೋಡೆಯ ಮೇಲೂ ಕ್ಯಾಂಟೀನಿನಲ್ಲೂ ಇರಬೇಕು. ಮೇಲ್ವಿಚಾರಕರಿಗೆ ಪ್ರತ್ಯೇಕ ತರಬೇತಿ ಬೇಕು. ಮೊದಲ ದೂರು ಸಾಮಾನ್ಯವಾಗಿ ಅವರ ಕಿವಿಗೇ ಬೀಳುತ್ತದೆ, 'ಇಷ್ಟಕ್ಕೆಲ್ಲ ಯಾಕಮ್ಮ' ಎಂಬ ಒಂದೇ ಮಾತಿಗೆ ಅದು ಅಲ್ಲಿಯೇ ನಿಂತುಹೋಗುತ್ತದೆ.

ಪರಿಶೀಲನೆಗೆ ಬರುವ ಅಧಿಕಾರಿಗಳು ಹಾಜರಾತಿ ಪಟ್ಟಿ ನೋಡಿ ಹಿಂತಿರುಗದೆ, ಕಸ ಗುಡಿಸುವವರನ್ನೂ ಸೇರಿಸಿ ನಾಲ್ಕಾರು ಮಂದಿಯನ್ನು ಬೇರೆಯಾಗಿ ಕರೆದು, ತೊಂದರೆಯಾದರೆ ಯಾರ ಬಳಿ ಹೋಗುವಿರಿ ಎಂದು ಕೇಳಲಿ. ಉತ್ತರ ಬಾರದಿದ್ದಲ್ಲಿ ತರಬೇತಿ ನಡೆದೇ ಇಲ್ಲವೆಂದು ವರದಿಯಲ್ಲಿ ದಾಖಲಿಸಲಿ.

ಇಂತಿ,
ತಮ್ಮ ಓದುಗ,
ಪೀಣ್ಯ, ಬೆಂಗಳೂರು